ಓವನ್ ತಿಂಡಿ ಗರಿಗರಿ ಆಗಬೇಕಾ? ಮೊದಲು ತರಕಾರಿಯ ನೀರು ತೆಗೆಯಿರಿ

ಪ್ರಶ್ನೆ: ಸಂಜೆ ಟೀ ಜೊತೆ ಕರಿದ ತಿಂಡಿ ಕಡಿಮೆ ಮಾಡೋಣ ಅಂತ ಓಟಿಜಿ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ಕೊಂಡೆವು. ಆದರೆ ಬೀಟ್‌ರೂಟ್, ಕ್ಯಾರೆಟ್ ಚಿಪ್ಸ್ ಮಾಡಿದಾಗಲೆಲ್ಲ ಅಂಚು ಕಪ್ಪಾಗುತ್ತದೆ, ನಡುವೆ ಮೆತ್ತಗೇ ಉಳಿಯುತ್ತದೆ. 200 ಡಿಗ್ರಿ ಇಟ್ಟರೂ ಇದೇ ಕಥೆ. ಎಲ್ಲಿ ತಪ್ಪುತ್ತಿದೆ?
- ದಾವಣಗೆರೆಯ ಓದುಗರು

ಉತ್ತರ: ಆ 200 ಡಿಗ್ರಿಯೇ ತೊಂದರೆ. ಬೀಟ್‌ರೂಟ್, ಕ್ಯಾರೆಟ್ ಎರಡರಲ್ಲೂ ನೂರಕ್ಕೆ 85ಕ್ಕಿಂತ ಜಾಸ್ತಿ ಭಾಗ ನೀರು. ಕಾದ ಎಣ್ಣೆಗೆ ಬಿಟ್ಟರೆ ಎಣ್ಣೆ ಸುತ್ತಲಿಂದ ತಾಗುತ್ತದೆ, ಆ ನೀರೆಲ್ಲ ಗುಳ್ಳೆ ಗುಳ್ಳೆಯಾಗಿ ಕೆಲವೇ ನಿಮಿಷದಲ್ಲಿ ಹೊರಗೆ ಹೋಗುತ್ತದೆ. ಓವನ್ನಿನಲ್ಲಿ ಬಿಸಿ ಮುಟ್ಟಿಸುವುದು ಮುಖ್ಯವಾಗಿ ಗಾಳಿ. ಅದು ನಿಧಾನ. ಬಿಸಿ ಜೋರು ಮಾಡಿದರೆ ತೆಳು ಅಂಚು ಮೊದಲೇ ಒಣಗಿ ಸುಡುತ್ತದೆ, ನಡುವಿನ ನೀರು ಅಲ್ಲೇ ಇರುತ್ತದೆ.

ಹಾಗಾಗಿ ಓವನ್ನಿಗೆ ಇಡುವ ಮುಂಚೆಯೇ ಅರ್ಧ ಕೆಲಸ ಮುಗಿಸಬೇಕು. ಸ್ಲೈಸರ್‌ನಲ್ಲಿ ಎಲ್ಲವನ್ನೂ ಒಂದೇ ದಪ್ಪಕ್ಕೆ, 2 ಮಿಲಿಮೀಟರ್ ಒಳಗೇ ಹೆಚ್ಚಿ. ಸ್ವಲ್ಪ ಉಪ್ಪು ಸವರಿ 15 ನಿಮಿಷ ಬಿಟ್ಟು ನೋಡಿ, ಬೀಟ್‌ರೂಟ್ ಇಟ್ಟ ತಟ್ಟೆಯಲ್ಲಿ ಕೆಂಪು ನೀರು ನಿಂತಿರುತ್ತದೆ, ಬಿಲ್ಲೆಗಳು ಮಡಚಿದರೂ ಮುರಿಯದಷ್ಟು ಬಾಡಿರುತ್ತವೆ. ಅವನ್ನು ಹತ್ತಿ ಬಟ್ಟೆ ಮೇಲೆ ಹರಡಿ, ಮೇಲಿನಿಂದ ಇನ್ನೊಂದು ಬಟ್ಟೆ ಹಾಕಿ ಚೆನ್ನಾಗಿ ಒತ್ತಿ. ಮತ್ತೆ ಉಪ್ಪು ಹಾಕಬೇಡಿ. ಆಮೇಲೆ ಒಂದು ಟೀ ಚಮಚ ಎಣ್ಣೆ ಬಿಟ್ಟು ಕೈಯಿಂದಲೇ ಸವರಿ. ಈ ಎಣ್ಣೆಯನ್ನೂ ಬಿಡುತ್ತೇವೆ ಅಂತ ಹಟ ಮಾಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು 45 ಕ್ಯಾಲೊರಿ, ಅದೂ ಮನೆಮಂದಿಗೆಲ್ಲ ಹಂಚಿ ಹೋಗುತ್ತದೆ. ಕ್ಯಾರೆಟ್ಟಿನ ಹಳದಿ ಬಣ್ಣದ ಅಂಶ ಮೈಗೆ ಹತ್ತುವುದಕ್ಕೂ ಸ್ವಲ್ಪ ಜಿಡ್ಡು ಬೇಕೇ ಬೇಕು.

ಓವನ್ 10 ನಿಮಿಷ ಕಾಯಲಿ. 140ರಿಂದ 150 ಡಿಗ್ರಿ ಸಾಕು. ಬಿಲ್ಲೆಗಳು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿ, ನಡುವೆ ಒಮ್ಮೆ ತಿರುವಿ ಹಾಕಿ. 30ರಿಂದ 45 ನಿಮಿಷ ಹಿಡಿಯಬಹುದು, ಒಂದೊಂದು ಓವನ್ ಒಂದೊಂದು ಥರ, ಕೊನೆಯ 10 ನಿಮಿಷ ಪಕ್ಕದಲ್ಲೇ ಇರಿ. ಅಂಚು ಸುರುಳಿ ಸುತ್ತಿದ ಕೂಡಲೇ ತೆಗೆಯಿರಿ. ನಡುವೆ ಸ್ವಲ್ಪ ಮೆತ್ತಗಿದ್ದರೂ ಪರವಾಗಿಲ್ಲ, ಆರಿದ ಮೇಲೆ ಗರಿಗರಿ ಆಗುತ್ತದೆ.

ಪ್ರಶ್ನೆ: 7 ವರ್ಷದ ಮಗ ಸೊಪ್ಪು, ತರಕಾರಿ ಮುಟ್ಟುವುದಿಲ್ಲ. ಸ್ಕೂಲಿಂದ ಬಂದ ಕೂಡಲೇ ಪ್ಯಾಕೆಟ್ ತಿಂಡಿ ಬೇಕು. ಅತ್ತೆಯವರು ಮಾಡುವ ನಿಪ್ಪಟ್ಟು ಮಾತ್ರ ಇಷ್ಟ. ಅದನ್ನೇ ಸೊಪ್ಪು ಸೇರಿಸಿ ಬೇಕ್ ಮಾಡಬಹುದಾ?
- ಹಾಸನದ ಓದುಗರು

ಉತ್ತರ: ಖಂಡಿತ ಮಾಡಬಹುದು. ಅತ್ತೆಯವರನ್ನೂ ಜೊತೆಗೆ ಕರೆದುಕೊಳ್ಳಿ, ಹಿಟ್ಟಿನ ಹದ ಅವರ ಕೈಗೆ ಗೊತ್ತಿರುತ್ತದೆ. ಒಂದು ಕಪ್ ಅಕ್ಕಿ ಹಿಟ್ಟು, ಅರ್ಧ ಕಪ್ ಗೋಧಿ ಹಿಟ್ಟು, ಕಾಲು ಕಪ್ ಹುರಿಗಡಲೆ ಪುಡಿ, ಎರಡು ಚಮಚ ತರಿತರಿ ಶೇಂಗಾ, ಒಂದು ಚಮಚ ಎಳ್ಳು, ಖಾರದ ಪುಡಿ, ಉಪ್ಪು, ಕರಿಬೇವು. ಬರೀ ಅಕ್ಕಿ ಹಿಟ್ಟಿನದು ಓವನ್ನಿನಲ್ಲಿ ಕಲ್ಲಾಗುತ್ತದೆ, ಅದಕ್ಕೇ ಗೋಧಿ. ಇದಕ್ಕೆ ಅರ್ಧ ಕಪ್ ಕ್ಯಾರೆಟ್ ತುರಿ ಹಿಂಡಿ ಹಾಕಿ. ಹಿಂಡಿದ ರಸ ಚೆಲ್ಲಬೇಡಿ, ಹಿಟ್ಟು ಕಲಸುವುದಕ್ಕೆ ಅದನ್ನೇ ಬಳಸಿ. ಸಣ್ಣಗೆ ಹೆಚ್ಚಿದ ಮೆಂತ್ಯ ಸೊಪ್ಪೋ ನುಗ್ಗೆ ಸೊಪ್ಪೋ ಒಂದು ಹಿಡಿ. ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ ಹಿಟ್ಟಿನ ಮೇಲೆ ಸುರಿದು, ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲುವ ಹಾಗೆ ಉಜ್ಜಿ, ಆಮೇಲೆ ಗಟ್ಟಿಯಾಗಿ ಕಲಸಿ. ಬಟರ್ ಪೇಪರ್ ಮೇಲೆ ತೆಳ್ಳಗೆ ತಟ್ಟಿ ಫೋರ್ಕಿನಿಂದ ಚುಚ್ಚಿ, ಇಲ್ಲದಿದ್ದರೆ ಪೂರಿ ಥರ ಉಬ್ಬುತ್ತದೆ. 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ, ನಡುವೆ ತಿರುವಿ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಇಷ್ಟು ಹಿಟ್ಟಿಗೆ 20 ನಿಪ್ಪಟ್ಟು ಆಗುತ್ತದೆ ಅಂದುಕೊಳ್ಳಿ, ಅವನು ಮೂರು ತಿಂದರೆ ಹೊಟ್ಟೆಗೆ ಹೋಗುವ ತರಕಾರಿ ಒಂದೆರಡು ಚಮಚ ಅಷ್ಟೇ. ದಿನಕ್ಕೆ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಲೆಕ್ಕ, ಚಿಕ್ಕ ಮಕ್ಕಳಿಗೆ ಅದಕ್ಕಿಂತ ಕಡಿಮೆ ಸಾಕು, ಆದರೂ ನಿಪ್ಪಟ್ಟಿನಿಂದ ಅದು ತುಂಬುವುದಿಲ್ಲ. ಇದು ರುಚಿ ಪರಿಚಯ ಮಾಡಿಸುವ ದಾರಿ. ವಾರದಲ್ಲಿ ಎರಡು ಸಲ ತರಕಾರಿಯನ್ನು ತರಕಾರಿಯಾಗಿಯೇ ಓವನ್ನಿಗೆ ಇಡಿ. ಹೂಕೋಸಿನ ಬಿಡಿ ಹೂಗಳಿಗೆ, ಇಲ್ಲ ಉದ್ದಕ್ಕೆ ಸೀಳಿದ ಬೆಂಡೆಕಾಯಿಗೆ ಎಣ್ಣೆ, ಅರಿಶಿನ, ಖಾರದ ಪುಡಿ, ಒಂದು ಚಮಚ ಕಡಲೆ ಹಿಟ್ಟು ಸವರಿ 200 ಡಿಗ್ರಿಯಲ್ಲಿ 20 ನಿಮಿಷ. ಇಲ್ಲಿ ಜೋರು ಬಿಸಿಯೇ ಬೇಕು, ಒಳಗೆ ಮೆತ್ತಗಿದ್ದರೆ ತೊಂದರೆ ಇಲ್ಲ. ಬೆಂಡೆಕಾಯಿ ತೊಳೆದು, ಒರೆಸಿ, ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಲೋಳೆ ಬಿಡುತ್ತದೆ. ಮತ್ತೆ ಹುಡುಗನ ಕೈಯಲ್ಲೇ ಟ್ರೇಯಲ್ಲಿ ಜೋಡಿಸುವ ಕೆಲಸ ಕೊಡಿ, ತಾನು ಜೋಡಿಸಿದ್ದನ್ನು ಮಕ್ಕಳು ಒಂದಾದರೂ ತಿಂದು ನೋಡುತ್ತಾರೆ.

ಪ್ರಶ್ನೆ: ನಮ್ಮ ತಂದೆಗೆ ಶುಗರ್, ಬಿಪಿ ಎರಡೂ ಇದೆ. ಬೇಕ್ ಮಾಡಿದ್ದು ಅಂದರೆ ಎಷ್ಟು ಬೇಕಾದರೂ ತಿನ್ನಬಹುದು ಅಲ್ವಾ?
- ಶಿವಮೊಗ್ಗದ ಓದುಗರು

ಉತ್ತರ: ಇಲ್ಲ. ಎಣ್ಣೆ ಕಡಿಮೆ ಆಯಿತೇ ಹೊರತು ಅಕ್ಕಿ ಹಿಟ್ಟು ಅಷ್ಟೇ ಇದೆ, ಉಪ್ಪೂ ಅಷ್ಟೇ ಇದೆ. ಅವರಿಗೆ ಗೆಣಸು, ಆಲೂಗಡ್ಡೆ ಚಿಪ್ಸ್ ಬದಲು ಹಾಗಲಕಾಯಿ, ಬೆಂಡೆ, ಹೂಕೋಸು ಮಾಡಿಕೊಡಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ, ಅದರಲ್ಲೇ ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲ ಬಂತು. ತಿಂಡಿಗೆ ಆಮ್‌ಚೂರ್, ಕಾಳು ಮೆಣಸು, ಹುರಿದ ಜೀರಿಗೆ ಪುಡಿ ಹಾಕಿದರೆ ಉಪ್ಪು ಕಡಿಮೆ ಆದದ್ದು ಅಷ್ಟು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನು ಸುಮ್ನೆ ತಂದು ಹಾಕಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಅವರ ಡಾಕ್ಟರನ್ನು ಕೇಳಿಯೇ ಬಳಸಿ.

ಪ್ರಶ್ನೆ: ಆಲೂಗಡ್ಡೆ ಚೆನ್ನಾಗಿ ಕಂದು ಬಣ್ಣ ಬರುವವರೆಗೆ ಬೇಕ್ ಮಾಡಿದರೆ ಒಳ್ಳೆಯದಲ್ಲ ಅನ್ನುತ್ತಾರೆ. ನಿಜವಾ?
- ಮೈಸೂರಿನ ಓದುಗರು

ಉತ್ತರ: ನಿಜ. ಪಿಷ್ಟ ಜಾಸ್ತಿ ಇರುವ ಪದಾರ್ಥ 120 ಡಿಗ್ರಿ ದಾಟಿ ಒಣ ಬಿಸಿಯಲ್ಲಿ ಬೆಂದಾಗ ಅಕ್ರಿಲಮೈಡ್ ಅನ್ನುವ, ಕ್ಯಾನ್ಸರ್ ತರಬಹುದು ಅನ್ನುವ ಶಂಕೆ ಇರುವ ಅಂಶ ಹುಟ್ಟುತ್ತದೆ, ಬಣ್ಣ ಗಾಢವಾದಷ್ಟೂ ಅದು ಜಾಸ್ತಿ. ಹೊಂಬಣ್ಣ ಬಂದಾಗ ನಿಲ್ಲಿಸಿ. ಹೆಚ್ಚಿದ ಆಲೂಗಡ್ಡೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಒರೆಸಿ ಇಡಿ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಬೇಗ ಕಂದಾಗುತ್ತದೆ, ಹೊರಗೆ ತಂಪು ಜಾಗದಲ್ಲಿ, ಬೆಳಕು ಬೀಳದ ಕಡೆ ಇಡಿ.

ಪ್ರಶ್ನೆ: ಓವನ್ ಇಲ್ಲದ ನಮ್ಮಂಥವರು ಏನು ಮಾಡಬೇಕು?
- ಹುಬ್ಬಳ್ಳಿಯ ಓದುಗರು

ಉತ್ತರ: ತಿಂಡಿಗೋಸ್ಕರ ಸಾಲ ಮಾಡಿ ಓವನ್ ತರುವ ಅಗತ್ಯ ಖಂಡಿತ ಇಲ್ಲ. ನಿಮ್ಮ ಮನೆಯಲ್ಲಿ ಪಡ್ಡಿನ ಹಂಚು ಇದ್ದೇ ಇರುತ್ತದೆ. ಎರಡು ಗಂಟೆ ನೆನೆಸಿದ ಕಡಲೆಬೇಳೆ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಹಿಂಡಿದ ಎಲೆಕೋಸು, ಹಸಿಮೆಣಸಿನಕಾಯಿ, ಶುಂಠಿ ಸೇರಿಸಿ ಉಂಡೆ ಮಾಡಿ ಗುಳಿಗೊಂದು ಇಡಿ. ಗುಳಿಗೆ ನಾಲ್ಕೈದು ಹನಿ ಎಣ್ಣೆ, ಸಣ್ಣ ಉರಿ, ಮೇಲೊಂದು ಮುಚ್ಚಳ. ತಿರುವಿದ ಮೇಲೆ ಮುಚ್ಚಳ ತೆಗೆದುಬಿಡಿ, ಇಲ್ಲದಿದ್ದರೆ ಆವಿ ನಿಂತು ಮೇಲ್ಮೈ ಮೆತ್ತಗಾಗುತ್ತದೆ. ಆಂಬೊಡೆಯ ರುಚಿಗೆ ಇದು ತುಂಬಾ ಹತ್ತಿರ, ಬಿಸಿ ಇರುವಾಗಲೇ ತಿನ್ನಿ.