ಮರಳಿನಲ್ಲಿ ಹುದುಗಿದ ಸನ್ಯಾಸಿ ಏಡಿ

ಪ್ರಶ್ನೆ: ಮಗಳ ಹಟಕ್ಕೆ ಮಣಿದು ಏಪ್ರಿಲ್‌ನಲ್ಲಿ ಅಂಗಡಿಯಿಂದ ನೆಲದ ಮೇಲೆ ಬದುಕುವ, ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಮೂರು ಸನ್ಯಾಸಿ ಏಡಿಗಳನ್ನು (ಹರ್ಮಿಟ್ ಕ್ರ್ಯಾಬ್) ತಂದು, ತಂತಿಯ ಪಂಜರದಲ್ಲಿ ಎರಡು ಬೆರಳು ಮರಳು ಹಾಸಿ ಇಟ್ಟಿದ್ದೇವೆ. ಮಳೆ ಹಿಡಿದಂದಿನಿಂದ ಅವು ಮಂಕಾಗಿವೆ. ಒಂದಂತೂ ಹತ್ತು ದಿನಗಳಿಂದ ಮರಳಿನಲ್ಲಿ ಅರ್ಧ ಹುದುಗಿ ಕುಳಿತಿದೆ. ಅದನ್ನು ತೆಗೆದು ನೋಡಬಹುದೇ? ನಮ್ಮ ಊರಿನಲ್ಲಿ ತೇವಕ್ಕಂತೂ ಕೊರತೆಯಿಲ್ಲ.
— ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ತೆಗೆಯಬೇಡಿ. ಅದು ಪೊರೆ ಕಳಚುತ್ತಿರುವ ಸಾಧ್ಯತೆಯೇ ಹೆಚ್ಚು. ಆಗ ಅದರ ಮೈ ಮೆತ್ತಗಿರುತ್ತದೆ, ಮುಟ್ಟಿದರೆ ಗಾಯವಾಗುತ್ತದೆ. ಈ ಕೆಲಸಕ್ಕೆ ಕೆಲವು ವಾರಗಳು, ದೊಡ್ಡ ಏಡಿಗಾದರೆ ಎರಡು ತಿಂಗಳಿಗೂ ಹೆಚ್ಚು ಬೇಕು. ಸತ್ತಿದ್ದರೆ ಕೊಳೆತ ಮೀನಿನ ವಾಸನೆ ಬರುತ್ತದೆ. ಅದಿಲ್ಲದಿದ್ದರೆ ಜೀವವಿದೆಯೆಂದೇ ತಿಳಿದು, ಸುತ್ತ ಒದ್ದೆ ಮರಳನ್ನು ಮೆಲ್ಲನೆ ಏರಿಸಿ, ಪಂಜರಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮನೆಯ ಬೆಚ್ಚಗಿನ ಕೋಣೆಯಲ್ಲಿಡಿ.

ಉಳಿದೆರಡಕ್ಕೆ ಕನಿಷ್ಠ 40 ಲೀಟರಿನ, ಮುಚ್ಚಳವಿರುವ ಗಾಜಿನ ತೊಟ್ಟಿ ಬೇಕು. ಈ ಏಡಿಗಳು ಕಿವಿರಿನಿಂದಲೇ ಉಸಿರಾಡುವುದರಿಂದ ಗಾಳಿಯಲ್ಲಿ ಶೇ. 75ರಿಂದ 85ರಷ್ಟು ತೇವ ಮತ್ತು 24ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಎರಡೂ ಒಟ್ಟಿಗೆ ಇರಬೇಕು. ಮಡಿಕೇರಿಯ ಮಳೆಗಾಲ ನಮ್ಮನ್ನು ಮೋಸಗೊಳಿಸುವುದು ಇಲ್ಲಿಯೇ: 18 ಡಿಗ್ರಿಯ ಒದ್ದೆ ಗಾಳಿಯನ್ನು ಹಾಗೆಯೇ 27 ಡಿಗ್ರಿಗೆ ಕಾಯಿಸಿದರೆ ಶೇ. 95ರಷ್ಟಿದ್ದ ತೇವ ಸುಮಾರು 55ಕ್ಕೆ ಇಳಿದುಬಿಡುತ್ತದೆ. ಆದ್ದರಿಂದ ಜುಲೈ ತಿಂಗಳಲ್ಲಿಯೂ ಮುಚ್ಚಳ ಬಿಗಿಯಾಗಿರಬೇಕು. ತೊಟ್ಟಿಯನ್ನು ಬೆಚ್ಚಗಿಡುವ ವಿದ್ಯುತ್ ಶಾಖದ ಪಟ್ಟಿಯನ್ನು (ಹೀಟ್ ಪ್ಯಾಡ್) ತಳಕ್ಕಲ್ಲ, ಮರಳಿನ ಮಟ್ಟಕ್ಕಿಂತ ಮೇಲೆ ಹಿಂಬದಿಯ ಗಾಜಿನ ಹೊರಗೆ ಅಂಟಿಸಬೇಕು. ಕರೆಂಟು ಹೋದ ರಾತ್ರಿ ತೊಟ್ಟಿಗೆ ಕಂಬಳಿ ಸುತ್ತಿ.

ಮರಳಿನ ಆಳ ಕನಿಷ್ಠ 15 ಸೆಂಟಿಮೀಟರ್ ಇರಲಿ. ಐದು ಪಾಲು ತೊಳೆದ ನಯವಾದ ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಬೆರಳಿನ ಗುರುತು ಉಳಿಯಬೇಕು, ನೀರು ಮಾತ್ರ ತೊಟ್ಟಿಕ್ಕಬಾರದು. ಎರಡು ಬಟ್ಟಲು ನೀರಿಡಿ: ಒಂದು ಕ್ಲೋರಿನ್ ಇಲ್ಲದ ಸಿಹಿನೀರು, ಇನ್ನೊಂದು ಸಮುದ್ರ ಮೀನುಗಳಿಗೆಂದು ಮಾರುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿದ್ದು. ಅಡುಗೆ ಉಪ್ಪು ಬೇಡ. ಬಣ್ಣ ಬಳಿಯದ, ಅವು ಈಗ ಹೊತ್ತಿರುವುದಕ್ಕಿಂತ ತುಸು ದೊಡ್ಡದಾದ ನಾಲ್ಕಾರು ಖಾಲಿ ಶಂಖಗಳನ್ನೂ ಇಡಿ.

ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಕಾಫಿ, ಮೆಣಸಿನ ತೋಟದ ಮಣ್ಣನ್ನಾಗಲಿ ತರಗೆಲೆಯನ್ನಾಗಲಿ ತೊಟ್ಟಿಗೆ ಹಾಕಬೇಡಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ತಾಮ್ರವಿದೆ, ಏಡಿಯ ಜಾತಿಗೆ ತಾಮ್ರ ವಿಷ. ಇದೇ ಕಾರಣಕ್ಕೆ ತಾಮ್ರದ ಕೊಡದ ನೀರನ್ನೂ ಅವುಗಳಿಗೆ ಕೊಡಬಾರದು.

ಹುದುಗಿರುವುದು ಹೊರಬಂದಾಗ ಪಕ್ಕದಲ್ಲಿ ಬಿದ್ದಿರುವ ಪೊರೆಯನ್ನು ಮಗಳು ಎತ್ತಿ ಎಸೆಯದಂತೆ ನೋಡಿಕೊಳ್ಳಿ. ಮೈಯ ಹೊಸ ಹೊರಕವಚ ಗಟ್ಟಿಯಾಗಲು ಏಡಿ ಅದನ್ನೇ ತಿನ್ನುತ್ತದೆ.