ಯೂರಿಯಾ ಚೀಲದಿಂದ ಶುರು ಮಾಡಿ, ಮೇಡಂ

ಮೇಡಂ, ನಮಸ್ಕಾರ. ಹಳ್ಳಿಯ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೊಸದಾಗಿ ಬಂದಿದ್ದೀರಿ. ಎಂಟನೇ ಕ್ಲಾಸಿನ ಅರ್ಧ ಮಕ್ಕಳಿಗೆ ಓದೋಕೇ ಬರಲ್ಲ, ಸಾಲು ಸಾಲಾಗಿ ಕನ್ನಡದಲ್ಲಿ ಅರ್ಥ ಹೇಳಿದರೆ ಮಾತ್ರ ಕೇಳುತ್ತಾರೆ, ಪದ್ಯ ಬಂದರೆ ಅದೂ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯ ಕೆಳಗೆ ಉತ್ತರಿಸಿದವರಲ್ಲಿ ಇಬ್ಬರು ‘ಕ್ಲಾಸಿನಲ್ಲಿ ಕನ್ನಡ ಪೂರ್ತಿ ಬಂದ್ ಮಾಡಿ’ ಅಂದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ. ಹಾಗಾಗಿ ನಿಮ್ಮ ಮಕ್ಕಳು ಏಳು ವರ್ಷ ಕಲಿತೇ ಬಂದಿದ್ದಾರೆ ಅಂತ ಲೆಕ್ಕ. ಆ ಲೆಕ್ಕ ನಂಬಿಕೊಂಡು ನೇರ ಪಾಠಕ್ಕೆ ಹೋಗಬೇಡಿ. ನಾನು ಹೋಗಿ ಕೆಟ್ಟೆ. ಮೊದಲ ಮೂರು ವರ್ಷ ಓದುವುದು, ಅರ್ಥ ಹೇಳುವುದು, ಪ್ರಶ್ನೋತ್ತರ ಬರೆಸುವುದು, ಇಷ್ಟೇ ಮಾಡಿದೆ. ಒಬ್ಬ ಹುಡುಗ ಪರೀಕ್ಷೆಯಲ್ಲಿ 14ನೇ ಪ್ರಶ್ನೆಯ ಉತ್ತರವನ್ನು 17ನೇ ಪ್ರಶ್ನೆಗೆ ಬರೆದಿದ್ದ. ಒಂದು ಕಾಮಾ ಕೂಡ ತಪ್ಪಿರಲಿಲ್ಲ. ಅವನಿಗೆ ಸೊನ್ನೆ ಹಾಕುವಾಗ ಆ ಸೊನ್ನೆ ನನಗೇ ಅನ್ನಿಸಿತು.

ಮೊದಲ ಎರಡು ವಾರ ಪಠ್ಯಪುಸ್ತಕ ಪಕ್ಕಕ್ಕಿಡಿ. ಇಂಗ್ಲಿಷ್ ಅಕ್ಷರ ಇರುವ ಏನಾದರೂ ಒಂದನ್ನು ಮನೆಯಿಂದ ತರಲು ಹೇಳಿ. ಬಿಸ್ಕತ್ತಿನ ಕವರ್, ಮಾತ್ರೆಯ ಖಾಲಿ ಪಟ್ಟಿ, ಗೊಬ್ಬರದ ಚೀಲ, ಏನಾದರೂ ಸರಿ. ನನ್ನ ಕ್ಲಾಸಿಗೆ ಬಂದ ಯೂರಿಯಾ ಚೀಲದ ಮೇಲೆ ‘ಯೂಸ್ ನೋ ಹುಕ್ಸ್’ ಅಂತಿತ್ತು. ಹಂಗಂದ್ರೇನು ಅಂದೆ. ಯಾರಿಗೂ ಗೊತ್ತಿಲ್ಲ. ಹಿಂದಿನ ಬೆಂಚಿನಲ್ಲಿ, ಅಪ್ಪ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಹುಡುಗಿಯೊಬ್ಬಳು ಎದ್ದು ‘ಸರ್, ಕೊಕ್ಕೆ ಹಾಕಬೇಡಿ ಅಂತ ಇರಬೇಕು, ಚೀಲ ಹರಿಯುತ್ತೆ’ ಅಂದಳು. ಅಲ್ಲಿಯವರೆಗೆ ಅವಳು ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಆ ಮೂರೇ ಪದದ ಮೇಲೆ ಇಡೀ ಪೀರಿಯಡ್ ಹೋಯಿತು. ಕನ್ನಡದಲ್ಲಿ ‘ಬೇಡ’ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಕೊನೆಗೆ ಬರುತ್ತದೆ. ಇಲ್ಲಿ ‘ನೋ’ ಹೋಗಿ ಕೊಕ್ಕೆಯ ಮುಂದೆ ಕೂತಿದೆ. ಇದನ್ನು ನಾನು ಹೇಳಲಿಲ್ಲ, ಎರಡೂ ವಾಕ್ಯ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆ, ಅವರೇ ಕಂಡುಹಿಡಿದರು.

ಕನ್ನಡ ಬೇಕಾಗಿರುವುದು ಇದಕ್ಕೆ. ಅರ್ಥ ಹೇಳಿ ಮುಗಿಸೋಕಲ್ಲ, ಪಕ್ಕದಲ್ಲಿಟ್ಟು ನೋಡೋಕೆ. ಇನ್ನೊಂದು ನೋಡಿ: ನನಗೆ ಹಸಿವು, ನನಗೆ ಜ್ವರ, ನನಗೆ ಗೊತ್ತು, ನನಗೆ ಬೇಕು. ನಮ್ಮಲ್ಲಿ ಎಲ್ಲವೂ ‘ನನಗೆ’ ಬಂದು ತಗಲಿಕೊಳ್ಳುತ್ತವೆ. ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ ‘ಐ’ ಎದ್ದು ನಿಲ್ಲಬೇಕು. ಐ ಆಮ್ ಹಂಗ್ರಿ, ಐ ನೋ, ಐ ವಾಂಟ್. ಮಗು ‘ಟು ಮಿ ಫೀವರ್ ಕೇಮ್’ ಅಂತ ಬರೆದರೆ ಅದು ದಡ್ಡತನವಲ್ಲ, ಅಚ್ಚ ಕನ್ನಡ. ಬೈಯುವ ಮೊದಲು ಅದನ್ನು ಅವನಿಗೇ ತೋರಿಸಿ.

ಓದುವ ವಿಷಯ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡಿರುತ್ತಾರೆ, ನೋಡಿರುತ್ತೀರಿ. ದಸರಾ ರಜೆಯವರೆಗೆ ಬಿಟ್ಟುಬಿಡಿ. ಆಮೇಲೆ ವಾರಕ್ಕೊಂದು ಗುಂಪು ಪದ ಕೊಟ್ಟು ರಬ್ಬರ್ ಹಿಡಿಸಿ. ನೈಟ್, ಲೈಟ್, ಫೈಟ್, ರೈಟ್ ಒಂದು ವಾರ. ವಾಕ್, ಟಾಕ್, ಚಾಕ್ ಇನ್ನೊಂದು ವಾರ, ಎಲ್ ಅಕ್ಷರ ಸುಮ್ನೆ ಕೂತಿರುವ ಪದಗಳು. ಬರೆದಂತೆ ಓದುವ ಭಾಷೆಯಿಂದ ಬಂದ ಮಕ್ಕಳಿಗೆ ಇದು ಮೋಸ ಅನ್ನಿಸುತ್ತದೆ. ಮೋಸವೇ ಅಂತ ಒಪ್ಪಿಕೊಳ್ಳಿ, ನಗುತ್ತಾರೆ.

ಪದ್ಯಕ್ಕೆ ನನ್ನ ಹತ್ತಿರ ಒಂದೇ ಮಂತ್ರ. ‘ಕರುಣಾಳು ಬಾ ಬೆಳಕೆ’ ಬಹಳ ಮಕ್ಕಳು ಪ್ರಾರ್ಥನೆಯಲ್ಲಿ ಹಾಡಿರುತ್ತಾರೆ. ಅದು ಇಂಗ್ಲಿಷ್‌ನಿಂದ ಬಂದದ್ದು ಅಂತ ಹೇಳಿದಾಗ ಅವರ ಮುಖ ನೋಡಬೇಕು. ಇಂಗ್ಲೆಂಡಿನ ಪಾದ್ರಿ ನ್ಯೂಮನ್ 1833ರಲ್ಲಿ ಬರೆದದ್ದು, ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. ಅವರೂ ನಮ್ಮ ಹಾಗೆ ಇಂಗ್ಲಿಷ್ ಮೇಷ್ಟ್ರೇ, ಕಾಲೇಜಿನವರು ಅಷ್ಟೇ. ಒಂದೇ ಸಾಲು ತೆಗೆದುಕೊಳ್ಳಿ. ‘ದ ನೈಟ್ ಈಸ್ ಡಾರ್ಕ್, ಅಂಡ್ ಐ ಆಮ್ ಫಾರ್ ಫ್ರಮ್ ಹೋಮ್.’ ಪಕ್ಕದಲ್ಲಿ ‘ಇರುಳು ಕತ್ತಲೆಯ ಗವಿ, ಮನೆ ದೂರ’. ಕನ್ನಡದಲ್ಲಿ ಜಾಸ್ತಿ ಇರುವುದು ಯಾವುದು ಅಂತ ಕೇಳಿ. ‘ಗವಿ’ ಅಂತಾರೆ. ಕಮ್ಮಿ ಯಾವುದು? ಇದಕ್ಕೆ ಸ್ವಲ್ಪ ಹೊತ್ತು ಬೇಕು. ‘ಐ’ ಇಲ್ಲ, ‘ಆಮ್’ ಇಲ್ಲ. ‘ಮನೆ ದೂರ’ ಅಂದರೆ ನಮಗೆ ಸಾಕು, ಇಂಗ್ಲಿಷ್‌ಗೆ ಸಾಲದು. ಯೂರಿಯಾ ಚೀಲದ ಪಾಠವೇ ಪದ್ಯದಲ್ಲಿ ತಿರುಗಿ ಬಂತು, ಅಲ್ವಾ? ಆ ಗವಿ ಯಾಕೆ ತಂದರು ಅಂತ ಕೇಳಿದ್ದಕ್ಕೆ ಒಬ್ಬ ‘ಡಾರ್ಕ್ ಅಂದ್ರೆ ಬರೀ ಕತ್ತಲೆ ಸರ್, ಗವಿ ಅಂದ್ರೆ ಹೆದರಿಕೆ’ ಅಂದ. ಸಾಹಿತ್ಯ ಅಂದರೆ ಇದಕ್ಕಿಂತ ಜಾಸ್ತಿ ಏನು ಹೇಳಿಕೊಡೋದು, ನನಗಂತೂ ಗೊತ್ತಿಲ್ಲ.

ಕಥೆಗಳಿಗೂ ಹಾಗೇ. ಆರ್.ಕೆ. ನಾರಾಯಣ್ ಅವರ ಸ್ವಾಮಿ ಒಬ್ಬನೇ ಮಲಗಲು ಹೆದರುವ ಕಥೆಯಿದ್ದರೆ, ಪುಸ್ತಕ ತೆಗೆಯುವ ಮೊದಲು ‘ನಿಮ್ಮಲ್ಲಿ ಯಾರು ಒಬ್ಬರೇ ಮಲಗ್ತೀರಿ’ ಅಂತ ಕನ್ನಡದಲ್ಲೇ ಕೇಳಿ. ಹತ್ತು ನಿಮಿಷ ದೆವ್ವದ ಮಾತೇ ನಡೆಯಲಿ. ಆಮೇಲೆ ಓದಿದರೆ ಅರ್ಧ ಅರ್ಥ ಆಗಲೇ ಆಗಿರುತ್ತದೆ.

ಹತ್ತನೇ ಕ್ಲಾಸಿನವರ ಕಥೆ ಬೇರೆ. ಲಿಖಿತಕ್ಕೆ 80, ಆಂತರಿಕಕ್ಕೆ 20 ಅಂಕ. ಜನವರಿಯಿಂದ ಪತ್ರ, ಪ್ರೊಫೈಲ್ (ಕೊಟ್ಟ ವಿವರದಿಂದ ಒಬ್ಬರ ಪರಿಚಯ ಬರೆಯುವುದು), ಚಿತ್ರ ನೋಡಿ ಬರೆಯುವುದು, ಬಾಯಿಪಾಠದ ಪದ್ಯ, ಇವನ್ನೇ ತಿರುತಿರುಗಿ ಮಾಡಿಸಿ. ನಾಚಿಕೆ ಏನೂ ಬೇಡ, ಪಾಸಾಗಬೇಕು ಪಾಪ. ಆದರೆ ಎಂಟನೇ ಕ್ಲಾಸಿಗೇ ಅದನ್ನು ಶುರು ಮಾಡಬೇಡಿ.

ಹಾಂ, ಮರೆತಿದ್ದೆ. ಗೊಬ್ಬರದ ಚೀಲ ತರುವವರಿಗೆ ಒಗೆದು ಒಣಗಿಸಿ ತರಲು ಹೇಳಿ. ಸಿಮೆಂಟ್ ಚೀಲ ಮಾತ್ರ ಬೇಡವೇ ಬೇಡ. ನಾನು ಹೇಳುವುದು ಮರೆತು ಒಂದು ದಿನ ಇಡೀ ಕ್ಲಾಸು ಸೀನಿತ್ತು. ಪಕ್ಕದ ರೂಮಿನ ಗಣಿತದ ಮೇಷ್ಟ್ರು ಇನ್ನೂ ಆಡಿಕೊಳ್ಳುತ್ತಾರೆ.