ಹ್ಯಾಲ್ಸಿಯನ್ ಅಂದರೆ ಬರೀ ಶಾಂತ ಅಲ್ಲ

ಉಡುಪಿಯ ಓದುಗರೊಬ್ಬರ ಪತ್ರ: ‘ಪಿಯುಸಿ ಓದುವ ನನ್ನ ಮಗಳು ಕಾಲೇಜಿನ ವಾರ್ಷಿಕ ಸಂಚಿಕೆಗೆ ಇಂಗ್ಲಿಷ್‌ನಲ್ಲಿ ಲೇಖನ ಬರೆದಿದ್ದಳು. ಅದರಲ್ಲಿ ಪ್ರಿನ್ಸಿಪಾಲರನ್ನು ಹ್ಯಾಲ್ಸಿಯನ್ ವ್ಯಕ್ತಿ ಎಂದು ಹೊಗಳಿದ್ದಳು. ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ನಿಘಂಟಿನಲ್ಲಿ ಶಾಂತ ಅಂತಲೇ ಇದೆ. ತಪ್ಪೇನು?’

ಸಂಪಾದಕರ ಉತ್ತರ:

ಟೀಚರ್ ಎಳೆದ ಗೆರೆ ಸರಿಯಾಗಿಯೇ ಇದೆ. ಹಾಗಂತ ಮಗಳನ್ನು ಬೈಯಬೇಡಿ. ನಿಘಂಟು ಪದದ ಅರ್ಥ ಕೊಡುತ್ತದೆ, ಆ ಪದಕ್ಕೆ ಯಾರ ಜೊತೆ ಒಡನಾಟ ಎಂದು ಎಲ್ಲ ಸಲ ಹೇಳುವುದಿಲ್ಲ.

ಹ್ಯಾಲ್ಸಿಯನ್ ಮೊದಲಿಗೆ ಒಂದು ಹಕ್ಕಿಯ ಹೆಸರು. ನಮ್ಮ ಮಿಂಚುಳ್ಳಿಯೇ. ಗ್ರೀಕರ ಕಥೆಯಲ್ಲಿ ಆಲ್ಸಿಯೋನಿ ಎಂಬವಳ ಗಂಡ ಹಡಗು ಮುಳುಗಿ ಸಾಯುತ್ತಾನೆ. ಹೆಣ ದಡಕ್ಕೆ ಬರುತ್ತದೆ. ಆಕೆಯೂ ಕಡಲಿಗೆ ಹಾರುತ್ತಾಳೆ. ದೇವತೆಗಳು ಮರುಗಿ ಇಬ್ಬರನ್ನೂ ಮಿಂಚುಳ್ಳಿ ಮಾಡುತ್ತಾರೆ. ಅವಳ ಅಪ್ಪ ಈಯೋಲಸ್ ಗಾಳಿಯ ಒಡೆಯ. ಮಗಳು ನೀರಿನ ಮೇಲೆ ಗೂಡು ಕಟ್ಟಿ ಕಾವು ಕೂತಾಗ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಡಿಸೆಂಬರ್‌ನಲ್ಲಿ ಹಗಲು ತೀರಾ ಚಿಕ್ಕದಾಗುವ ದಿನದ ಹಿಂದೆ 7, ಮುಂದೆ 7, ಹೀಗೆ ಸುಮಾರು 14 ದಿನ ಕಡಲು ತೆಪ್ಪಗಿರುತ್ತದೆ. ಅವೇ ಹ್ಯಾಲ್ಸಿಯನ್ ಡೇಸ್. ಗ್ರೀಸ್‌ನಲ್ಲಿ ಜನವರಿಯ ಚಳಿ ನಡುವೆ ಬರುವ ಬೆಚ್ಚಗಿನ ಬಿಸಿಲಿನ ದಿನಗಳಿಗೆ ಇವತ್ತಿಗೂ ಇದೇ ಹಕ್ಕಿಯ ಹೆಸರು.

ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ಗೊಂದಲ ಆಗಬಹುದು. ಡಿಸೆಂಬರ್‌ನಲ್ಲಿ ಕಡಲು ಸುಮ್ಮನಿದ್ದರೆ ಅದರಲ್ಲಿ ವಿಶೇಷ ಏನು, ಅಲ್ವಾ? ನಮ್ಮ ಕಡಲು ಅಬ್ಬರಿಸುವುದು ಮಳೆಗಾಲದಲ್ಲಿ. ಜೂನ್, ಜುಲೈನಲ್ಲಿ ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟುಗಳು ಸಾಲಾಗಿ ಕಟ್ಟಿಕೊಂಡಿರುತ್ತವೆ. ಗ್ರೀಸ್ ಕಡೆ ಉಲ್ಟಾ, ಚಳಿಗಾಲವೇ ಬಿರುಗಾಳಿಯ ಕಾಲ. ಮಳೆಗಾಲದ ಆಟಿ ತಿಂಗಳ ನಡುವೆ ಹದಿನೈದು ದಿನ ಅಲೆ ತಗ್ಗಿ, ಹೆದರಿಕೆ ಇಲ್ಲದೆ ನಾಡದೋಣಿ ಇಳಿಸುವ ಹಾಗಾದರೆ ಹೇಗಿದ್ದೀತು? ಆ ಪದದಲ್ಲಿರುವುದು ಅಂಥ ಬಿಡುವು. ಹಿಂದೆಯೂ ಗಾಳಿ, ಮುಂದೆಯೂ ಗಾಳಿ.

ನಿಜವಾದ ಮಿಂಚುಳ್ಳಿ ನೀರಿನ ಮೇಲೆ ಗೂಡು ಕಟ್ಟುವುದಿಲ್ಲ. ಮಣ್ಣಿನ ದರೆಯಲ್ಲಿ ಬಿಲ ಕೊರೆಯುತ್ತದೆ. ನಮ್ಮ ಗದ್ದೆ ಬದಿಯ ಕರೆಂಟ್ ತಂತಿಯ ಮೇಲೆ ಕೂರುತ್ತದಲ್ಲ, ಕಂದು ತಲೆ, ಬಿಳಿ ಎದೆ, ನೀಲಿ ರೆಕ್ಕೆಯದ್ದು, ಅದರ ವೈಜ್ಞಾನಿಕ ಹೆಸರು ಹ್ಯಾಲ್ಸಿಯನ್ ಸ್ಮಿರ್ನೆನ್ಸಿಸ್. ಸ್ಮಿರ್ನಾ ಎಂದರೆ ಟರ್ಕಿಯ ಈಗಿನ ಇಜ್ಮಿರ್ ಊರು. ಹಕ್ಕಿಯ ಕೂಗು ಮಾತ್ರ ಗದ್ದೆಯ ಆಚೆ ಬದಿಗೂ ಕೇಳುವಷ್ಟು ಜೋರು.

ಹಾಗಾಗಿ ಈ ಪದ ಹೊಂದುವುದು ಕಾಲದ ಜೊತೆ. ದಿನಗಳು, ವರ್ಷಗಳು, ಒಂದು ಬೇಸಿಗೆ ರಜೆ. ಅದೂ ಹೆಚ್ಚಾಗಿ ಮುಗಿದುಹೋದ ಕಾಲ. ‘ಆಗ ಎಷ್ಟು ಚೆನ್ನಾಗಿತ್ತು’ ಎಂದು ಹಿಂದೆ ತಿರುಗಿ ನೋಡುವವರ ಬಾಯಲ್ಲಿ ಜಾಸ್ತಿ ಬರುತ್ತದೆ. ಇನ್ನೂ ಕುರ್ಚಿಯಲ್ಲಿರುವ ಪ್ರಿನ್ಸಿಪಾಲರಿಗೆ ಅದನ್ನು ಅಂಟಿಸಿದರೆ ಓದುವವರಿಗೆ ತಲೆಬುಡ ತಿಳಿಯದು.

ಅವರಿಗೆ ಕಾಮ್ (calm) ಎಂಬ ಪದವೇ ಸಾಕು. ಗಲಾಟೆ ನಡುವೆಯೂ ವಿಚಲಿತರಾಗದವರಾದರೆ ಕಂಪೋಸ್ಡ್ ಇನ್ನೂ ಒಳ್ಳೆಯದು. ಸಿರೀನ್ ಮುಖಕ್ಕೆ, ಜಾಗಕ್ಕೆ ಚೆನ್ನ. ಪ್ಲ್ಯಾಸಿಡ್ ಬೇಡ, ಮನುಷ್ಯರಿಗೆ ಹೇಳಿದರೆ ಚುರುಕಿಲ್ಲದವರು ಎಂಬ ಧ್ವನಿ ಬಂದುಬಿಡಬಹುದು.

ಮಗಳಿಗೆ ಹ್ಯಾಲ್ಸಿಯನ್ ಇಷ್ಟವಾಗಿದ್ದರೆ ಬಿಡುವುದು ಬೇಡ. ಮುಂದೆ ಈ ಎರಡು ಪಿಯುಸಿ ವರ್ಷಗಳ ಬಗ್ಗೆ ಬರೆಯುವಾಗ ಬಳಸಲಿ. ಸ್ಪೆಲ್ಲಿಂಗ್ ಮಾತ್ರ ನೋಡಿಕೊಳ್ಳಲಿ. ಸಿ ಆದ ಮೇಲೆ ವೈ ಬರಬೇಕು, ಐ ಅಲ್ಲ.